ಡಿಸ್ಕಿಗೊಂದು ಸೋಮವಾರ

ದಸರೆಯ ದಶಮಿ ಬೆಳಗ್ಗೆ ಸಿಲ್ವಿಯಾ ತಾನು ಕಂಪ್ಯೂಟರ್ ನೋಡಿಕೊಳ್ಳುವ ಹಳಿಯಾಳದ ರೈತರ ಬೀಜ ಕಂಪನಿಯ ಬಾಗಿಲು ತೆರೆದಾಗ ಒಳಗಿನಿಂದ ಊದುಬತ್ತಿಯ ವಾಸನೆ ಬಂತು. ಅದು ಸರಿ, ನಿನ್ನೆ ಖಂಡೇಪೂಜೆ, ಅಂದರೆ ಆಯುಧಪೂಜೆ, ಆಗಿತ್ತು. ಆದರೆ ಏನೋ ಕಡಿಮೆಯಾದಂತೆ ಅನ್ನಿಸಿತು. ಎರಡು ಹೆಜ್ಜೆ ಇಟ್ಟ ಮೇಲೆ ಏನೆಂದು ಹೊಳೆಯಿತು. ಸದ್ದು! ಮೂಲೆಯ ಸರ್ವರ್ ಪೆಟ್ಟಿಗೆ ಒಂಬತ್ತು ವರ್ಷ ಹಗಲೂ ರಾತ್ರಿ ಗುಂಯ್ ಅಂದಿತ್ತು, ಈಗ ಸುಮ್ಮನಿತ್ತು. ಅದರ ನೆತ್ತಿಯ ಮೇಲೆ ಚೆಂಡುಹೂವಿನ ಮಾಲೆ, ಹಣೆ ಎನ್ನಬಹುದಾದ ಜಾಗದಲ್ಲಿ ಮೂರು ಬೆರಳಿನ ವಿಭೂತಿ. ಅದರ ಮೈಮೇಲಿನ ಸಣ್ಣ ದೀಪ ಮಾತ್ರ ಒಂದೂ ಉರಿಯುತ್ತಿರಲಿಲ್ಲ.

"ಕಾಕಾ! ಇದನ್ನ ಯಾರ ಬಂದ್ ಮಾಡಿದ್ರಿ?"

ಕಂಪನಿಯ ಅಧ್ಯಕ್ಷ ಶಂಕ್ರಪ್ಪ ತೇರಗಾಂವದ ರೈತ. ಹೊಸ ಧೋತರ ಉಟ್ಟು ಹಿಂದೆಯೇ ಬಂದವರು ಹೆಮ್ಮೆಯಿಂದ ಎದೆ ಉಬ್ಬಿಸಿದರು. "ನಾನ ಮಾಡೀನಿ. ಹೆಂಗ ಬೇಕ ಹಂಗ ಮಾಡಿಲ್ಲ ಮತ್ತ. ನೀ ತೋರಿಸಿದ್ದಿಯಲ್ಲಾ, ಹಂಗ ಪದ್ಧತಶೀರ ಮಾಡೀನಿ."

"ಯಾಕ್ರಿ ಕಾಕಾ?"

"ಯಾಕಂದ್ರ? ತಕ್ಕಡಿಗೆ ಪೂಜಿ ಮಾಡಿ ರಜಾ ಕೊಟ್ವಿ. ಚೀಲಾ ಹೊಲಿಯೂ ಮಷಿನ್ನಿಗೆ ಕೊಟ್ವಿ, ಟ್ರ್ಯಾಕ್ಟರಿಗೆ ಕೊಟ್ವಿ. ಇದೊಂದ ಬಡಪಾಯಿ ಗುಂಯ್ ಅಂತ ದುಡೀಲಿಕ್ಕೇ ಹತ್ತಿತ್ತು. ಎತ್ತಿಗಾದ್ರೂ ಸೋಮವಾರ ಐತಿ, ನಾವು ನೊಗಾ ಹೂಡಂಗಿಲ್ಲ. ಇದಕ್ಕ ಒಂಬತ್ತ ವರ್ಷದಾಗ ಒಂದ ಸೋಮವಾರಾನೂ ಸಿಕ್ಕಿಲ್ಲ. ನನಗ ಕರಳ ಚುರ್ ಅಂತು ತಂಗಿ."

ಇಂಥ ಮನುಷ್ಯನನ್ನು ಬೈಯುವುದಾದರೂ ಹೇಗೆ! ಸಿಲ್ವಿಯಾ ಬೈಯಲಿಲ್ಲ. ನೇರ ಪೆಟ್ಟಿಗೆಯ ಹತ್ತಿರ ಹೋದಳು.

ಆ ಪೆಟ್ಟಿಗೆಯಲ್ಲಿ ಎರಡು ಹಾರ್ಡ್ ಡಿಸ್ಕುಗಳು. ಒಂದರಲ್ಲಿ ಬರೆದದ್ದು ತಾನಾಗಿ ಇನ್ನೊಂದರಲ್ಲೂ ಬರೆದುಕೊಳ್ಳುತ್ತಿತ್ತು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂಬ ವ್ಯವಸ್ಥೆ. ಹೊರಗೆ ಇಡುತ್ತಿದ್ದ ಮೂರನೆಯ ಪ್ರತಿಯ ಡಿಸ್ಕು ಮಳೆಗಾಲದಲ್ಲೇ ಕೆಟ್ಟಿತ್ತು. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ತಿರುಗುತ್ತಲೇ ಇರಬೇಕು. ವರ್ಷಗಟ್ಟಲೆ ತಿರುಗಿ ಬಿಸಿಯಾಗಿದ್ದು ಒಮ್ಮೆ ನಿಂತು ತಣ್ಣಗಾದರೆ, ಮತ್ತೆ ಏಳುತ್ತದೆಂಬ ಭರವಸೆ ಇಲ್ಲ. ಅದಕ್ಕೇ ಅವಳು ತಿರುಗುವ ಭಾಗವೇ ಇಲ್ಲದ ಹೊಸ ಎಸ್‌ಎಸ್‌ಡಿ ಡಿಸ್ಕುಗಳನ್ನು ತರಿಸಿದ್ದಳು. ಡಬ್ಬಿಗಳು ವಾರದ ಹಿಂದೆಯೇ ಬಂದಿದ್ದವು. "ದಶಮಿ ದಿನಾ ಒಡಿಯೂಣು, ಹೊಸಾದಕ್ಕ ಅದಕ್ಕಿಂತ ಚಲೋ ದಿನ ಇಲ್ಲ" ಅಂದವರು ಶಂಕ್ರಪ್ಪ. ಹೂಂ ಅಂದವಳು ಅವಳೇ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು.

ಹೂಮಾಲೆ ತೆಗೆದಿಟ್ಟು ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಮೊದಲ ಡಿಸ್ಕಿನ ಕಡೆಯಿಂದ ಟಕ್, ಟಕ್ ಎಂದು ಸದ್ದು ಬಂದು ನಿಂತುಹೋಯಿತು. ಎರಡನೆಯದು ಅಷ್ಟೂ ಅನ್ನಲಿಲ್ಲ. ಪರದೆಯ ಮೇಲೆ ಒಂದೇ ಸಾಲು ಮೂಡಿತು: ಯಾವ ಡಿಸ್ಕೂ ಸಿಗುತ್ತಿಲ್ಲ.

"ಏಳವಲ್ದೇನ?" ಶಂಕ್ರಪ್ಪ ಕೇಳಿದರು. ಅವಳ ಮುಖ ನೋಡಿ ಉತ್ತರ ತಿಳಿದುಕೊಂಡರು. "ಹಂಗಾರ ಬೀಜದ ಹೆಸರು?"

ಅದೇ ಪ್ರಶ್ನೆ. ಹಿಂದಿನ ಗೋದಾಮಿನಲ್ಲಿ ಸಾಲುಸಾಲು ಚೀಲಗಳಿದ್ದವು. ಒಂದರ ಮೇಲೂ ಹೆಸರಿಲ್ಲ, ಬರೀ ಅಂಕಿ ಚೀಟಿ. ಆ ಅಂಕಿಯ ಬೀಜ ಯಾವುದು, ಯಾವ ಊರಿನ ಯಾರ ಗದ್ದೆಯದು, ಎಷ್ಟು ನೀರು ಬೇಡುತ್ತದೆ, ಎಲ್ಲವೂ ಸರ್ವರಿನಲ್ಲಿ. ಜೋಯಿಡಾದ ಕಾಡಂಚಿನಿಂದ ಅತ್ತಿವೇರಿಯ ಕೆರೆಬಯಲಿನವರೆಗೆ ತಿರುಗಿ ಅದನ್ನೆಲ್ಲ ಕೂಡಿಸಿದವಳು ಸಿಲ್ವಿಯಾ. ಅವಳ ಸಿದ್ದಿ ಓಣಿಯಲ್ಲಿ ಎಲ್ಲರೂ ಬಿಟ್ಟ ಮೇಲೂ ಅವ್ವ ಕಾತರಿನಾ ಒಬ್ಬಳೇ ಉಳಿಸಿಕೊಂಡಿದ್ದ ಕೆಂಪು ಭತ್ತ ಕೂಡ ಆ ಸಾಲಿನಲ್ಲೆಲ್ಲೋ ಒಂದು ಅಂಕಿಯಾಗಿ ಕೂತಿತ್ತು. ಹೆಸರು ಹೋದರೆ ಅದು ಬೀಜವಲ್ಲ. ಕುಟ್ಟಿ ಅನ್ನ ಮಾಡಬೇಕು, ಅಷ್ಟೆ.

ಶಂಕ್ರಪ್ಪ ಹೂಮಾಲೆ ಕೈಗೆತ್ತಿಕೊಂಡು ಕುರ್ಚಿಯಲ್ಲಿ ಕೂತರು. "ಕೈಯ್ಯಾರೆ ಕೊಂದ್ನೆಲ್ಲೋ ಶಿವನ..."

"ಇನ್ನೂ ಸತ್ತಿಲ್ಲ ತಡೀರಿ. ಒಂದ ದಾರಿ ಐತಿ." ಸಿಲ್ವಿಯಾ ಎರಡನೆಯ ಡಿಸ್ಕನ್ನು ಹೊರಗೆಳೆದಳು. "ಇದರ ಮೋಟರ್ ಹಿಡಕೊಂಡೈತಿ ಅನ್ನಸ್ತೈತಿ. ಬೀಸೂಕಲ್ಲು ಹಿಡಕೊಂಡಾಗ ಗೂಟಾ ಹಿಡದು ಒಂದ ಜಗ್ಗು ಕೊಡೂದಿಲ್ಲೇನ್ರಿ? ಹಂಗ ಇದನ್ನ ಅಂಗೈಮ್ಯಾಲೆ ಇಟ್ಕೊಂಡು ಸರಕ್ಕನ ತಿರುವಬೇಕು. ಬಿಟ್ರ ಬಿಡ್ತು. ಇಲ್ಲಾಂದ್ರ ಒಳಗ ಗೀಚಿ ಪೂರಾ ಹೋಗ್ತೈತಿ."

"ಹಂಗಾರ ಇಲ್ಲೆ ಕೊಡು. ಕೆಡಿಸಿದಾಂವ ನಾನು, ನಾನ ತಿರುವತೇನಿ. ಹೋದ್ರ ಕೆಟ್ಟ ಹೆಸರು ನನಗ ಬರ್ಲಿ."

"ಬ್ಯಾಡ್ರಿ. ದಶಮಿತನಾ ಕಾಯೂಣು ಅಂದಾಗ ಹೂಂ ಅಂದಾಕಿ ನಾನು. ಹೋದ್ರ ನನ್ನ ಕೈಲೇ ಹೋಗ್ಲಿ."

ತಪ್ಪು ನನ್ನದು, ಅಲ್ಲ ನನ್ನದು ಎನ್ನುವ ಇಬ್ಬರೂ ಅದನ್ನು ಹಂಚಿಕೊಳ್ಳಲು ಸಿದ್ಧರಿಲ್ಲ! ಕೊನೆಗೆ ಸಿಲ್ವಿಯಾ ಗೆದ್ದಳು. ಡಿಸ್ಕನ್ನು ಅಂಗೈ ಮೇಲಿಟ್ಟು ಕಣ್ಣು ಮುಚ್ಚಿದಳು. ಅವಳು ಮನಸ್ಸಿನಲ್ಲಿ ಏಸುವನ್ನು ನೆನೆದರೆ ಪಕ್ಕದಲ್ಲಿ ಶಂಕ್ರಪ್ಪ ಬಾಯಿಬಿಟ್ಟೇ ಶಿವ ಶಿವ ಅಂದರು. ಅವಳ ಮಣಿಕಟ್ಟು ಸರಕ್ಕನೆ ತಿರುಗಿ ನಿಂತಿತು. ಡಿಸ್ಕನ್ನು ಒಳಗೆ ಸೇರಿಸಿ ಗುಂಡಿ ಒತ್ತಿದಳು.

ಮೊದಲು ಏನೂ ಇಲ್ಲ. ಆಮೇಲೆ ಸಣ್ಣಗೆ, ನಿದ್ದೆಯಿಂದ ಎದ್ದವರು ಗೊಣಗುವ ಹಾಗೆ, ಗುಂಯ್ ಅಂತು.

ಸಿಲ್ವಿಯಾಳ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳಲೂ ಪುರಸೊತ್ತಿರಲಿಲ್ಲ, ಹೊಸ ಡಿಸ್ಕಿನ ಡಬ್ಬಿ ಒಡೆದು ಜೋಡಿಸಿದಳು. "ಕಾಕಾ, ಮುಗಿದಿಲ್ಲ. ಎಲ್ಲಾ ಹೊಸಾದಕ್ಕ ಇಳಿಯೂತನಕ ಇದು ನಿಲ್ಲಬಾರದು. ಇನ್ನೊಮ್ಮೆ ನಿಂತ್ರ ಏಳಂಗಿಲ್ಲ."

"ಜನರೇಟರ್ ಕಡೆ ನಾ ನೋಡ್ತೇನಿ" ಎಂದು ಶಂಕ್ರಪ್ಪ ಎದ್ದರು. ಡೀಸೆಲ್ ತುಂಬಿಸಿದರು. ಬಂದು ಪೆಟ್ಟಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಅಂಗೈಯನ್ನು ಅದರ ಮೇಲಿಟ್ಟು ಕೂತರು. ಈಯಲಿರುವ ಎಮ್ಮೆಯ ಹೊಟ್ಟೆಯ ಮೇಲೆ ಕೈಯಿಟ್ಟ ಹಾಗಿತ್ತು. ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ ಪೀಂ ಪೀಂ ಎಂದು ಕೂಗುವುದರೊಳಗೆ ಶಂಕ್ರಪ್ಪ ಧೋತರ ಎತ್ತಿ ಕಟ್ಟಿ ಹೊರಗೆ ಓಡಿದ್ದರು, ಜನರೇಟರ್ ಗುಡುಗಿತ್ತು. ಆ ವಯಸ್ಸಿನಲ್ಲಿ ಅಂಥ ಓಟವನ್ನು ಸಿಲ್ವಿಯಾ ನೋಡಿರಲಿಲ್ಲ. ಮನೆಯಿಂದ ಅವರ ಹೆಂಡತಿ ಸಿದ್ದಕ್ಕ ಹೋಳಿಗೆಯ ಬುತ್ತಿ ಕಳಿಸಿದ್ದಳು. ಗಂಡ ಊಟಕ್ಕೂ ಬರಲಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ಬಂದಿತ್ತೇನೋ, ತುಪ್ಪ ಮಾತ್ರ ಧಾರಾಳವಾಗಿ ಹಾಕಿದ್ದಳು.

ಹೊತ್ತು ಇಳಿಯುವಾಗ ಎಷ್ಟು ಇಳಿಯಿತೆಂದು ತೋರಿಸುವ ಪರದೆಯ ಮೇಲಿನ ಹಸಿರು ಗೆರೆ ತುದಿ ಮುಟ್ಟಿತು. ಸಿಲ್ವಿಯಾ ಮೊದಲು ಹುಡುಕಿದ್ದು ಒಂದೇ ಅಂಕಿ. ಹೊಸ ಎಸ್‌ಎಸ್‌ಡಿಯಿಂದ ರೆಪ್ಪೆ ಬಡಿಯುವುದರೊಳಗೆ ಉತ್ತರ ಬಂತು: ಕೆಂಪು ಭತ್ತ, ಕಾತರಿನಾ, ಮನೆ ಹಿಂದಿನ ಗದ್ದೆ. ಮಿಕ್ಕ ಹೆಸರುಗಳನ್ನೂ ಒಂದೊಂದಾಗಿ ತೆರೆದಳು. ಎಲ್ಲ ಇದ್ದವು. ಬೀಸುವ ದೊಣ್ಣೆ ತಪ್ಪಿತ್ತು.

ಊರಲ್ಲಿ ಬನ್ನಿ ಹಂಚುವ ಗದ್ದಲ ಶುರುವಾಗಿತ್ತು. ಶಂಕ್ರಪ್ಪನವರ ಜೇಬಿನಲ್ಲಿ ಬೆಳಗ್ಗೆ ತಂದ ಬನ್ನಿ ಎಲೆಗಳು ಹಾಗೇ ಇದ್ದವು. ಹೊರಗೆ ತೆಗೆಯುತ್ತಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಕೊಡುವುದು ಎಂಬ ಸಂಕೋಚ ಅವಳಿಗೆ ಕಾಣುತ್ತಿತ್ತು. ಅವಳೇ ಕೈ ಚಾಚಿದಳು.

"ಕಿಸೇದಾಗ ಬಾಡ್ಸಬ್ಯಾಡ್ರಿ ಕಾಕಾ. ಕೊಡ್ರಿ ಇಲ್ಲೆ. ಬನ್ನಿ ತಗೊಂಡು ಬಂಗಾರದಂಗ ಇರೂಣು."

ಮುದುಕರು ಜೇಬಿಗೆ ಕೈ ಹಾಕಿದರು. ಎಲೆ ಕೊಟ್ಟರು, ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಹೊಸ ಡಿಸ್ಕಿಗೆ ಕಿವಿಗೊಟ್ಟು ಹುಬ್ಬು ಗಂಟಿಕ್ಕಿದರು. "ಇದು ಉಸರ ಹಾಕವಲ್ದಲ್ಲ?"

"ಇದು ತಿರುಗಂಗಿಲ್ರಿ, ಸದ್ದೂ ಇಲ್ಲ. ಬಂದ್ ಮಾಡಿದ್ರೂ ಮತ್ತ ಏಳತೈತಿ. ಮುಂದಿನ ಖಂಡೇಪೂಜಿಗೆ ಬೇಕಾದ್ರ ರಜಾ ಕೊಡ್ರಿ. ಮೊದಲ ನನಗ ಒಂದ ಮಾತ ಕೇಳ್ರಿ, ಅಷ್ಟ."

ಹಳೆಯ ಡಿಸ್ಕು ಇನ್ನೂ ಗುಂಯ್ ಅನ್ನುತ್ತಿತ್ತು. ಅದರ ಕೆಲಸ ಮುಗಿದಿತ್ತು, ಅದಕ್ಕೆ ಮಾತ್ರ ಗೊತ್ತಿರಲಿಲ್ಲ. ಸಿಲ್ವಿಯಾ ಕುರ್ಚಿಯಿಂದ ಎದ್ದು ಜಾಗ ಬಿಟ್ಟಳು.

"ಬರ್ರಿ ಕಾಕಾ. ಈಗ ನೀವ ಬಂದ್ ಮಾಡ್ರಿ."

ಶಂಕ್ರಪ್ಪ ಹಿಂಜರಿದರು. ಅವಳು ತಲೆಯಾಡಿಸಿದಳು. ಅವರು ನಿಧಾನವಾಗಿ, ಪದ್ಧತಶೀರ ಬಂದ್ ಮಾಡಿದರು. ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಡಿಸ್ಕನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟು, ಉಳಿದ ಒಂದು ಬನ್ನಿ ಎಲೆಯನ್ನು ಅದರ ಮೇಲಿಟ್ಟರು.

"ಇವತ್ತಿನಿಂದ ನಿನಗ ದಿನಾ ಸೋಮವಾರ" ಅಂದರು.