ಕಲ್ಲಿನ ಮನೆಯ ಪ್ಲೈವುಡ್ ಗೋಡೆ

ಶಹಾಬಾದಿನಲ್ಲಿ ಕಲ್ಲಿಗೇನು ಬರವೇ? ನೆಲಕ್ಕೆ ಕಲ್ಲು, ಗೋಡೆಗೆ ಕಲ್ಲು, ಮಾಳಿಗೆಗೆ ಕಲ್ಲು, ಬಟ್ಟೆ ಒಗೆಯಲಿಕ್ಕೂ ಕಲ್ಲು. ಇಂಥ ಊರಿನಲ್ಲಿ ಮನೆಯ ನಟ್ಟನಡುವೆ ಪ್ಲೈವುಡ್ಡಿನ ಗೋಡೆ ನಿಲ್ಲಿಸಿದ ಮಹಾನುಭಾವರು ಇಬ್ಬರೇ. ಒಬ್ಬರು ನನ್ನ ಗಂಡ ಅಶೋಕಕುಮಾರ, ಇನ್ನೊಬ್ಬ ಅವರ ತಮ್ಮ ಮಹೇಶಕುಮಾರ. ಅಣ್ಣನಿಗೆ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಪಾಲಿಶ್ ಮಾಡುವ ಮಷಿನ್ ಇದೆ, ತಮ್ಮನಿಗೆ ಪರ್ಸಿ ಸಾಗಿಸುವ ಲಾರಿ ಇದೆ. ಮನಸ್ಸು ಮಾಡಿದ್ದರೆ ಕೋಟೆಯನ್ನೇ ಕಟ್ಟಬಹುದಿತ್ತು. ಆದರೆ ಪಾಲಾಗುವಾಗ, ಕಲ್ಲಿನ ಗೋಡೆ ಎತ್ತಿದರೆ ಒಂದು ಮೊಳ ಜಾಗ ಹೋಗುತ್ತದೆ, ಆ ಮೊಳ ಯಾರ ಪಾಲಿನದು ಎಂದು ಜಗಳ ಹತ್ತಿತು. ಹಿರಿಯರು ಬಂದರು, ಚಹಾ ಕುಡಿದರು, ಹೋದರು. ಕೊನೆಗೆ ಪಡಸಾಲೆಯ ನಡುವೆ ಕಟ್ಟಿಗೆಯ ಪಟ್ಟಿ ಹೊಡೆದು, ಎರಡೂ ಬದಿಗೆ ಪ್ಲೈವುಡ್ ಬಡಿದು, ಇದೇ ಗೋಡೆ ಎಂದು ಒಪ್ಪಿಕೊಂಡರು. ಬಣ್ಣ ಕೂಡ ಅವರವರ ಬದಿಗೆ ಅವರವರದು.

ಗೋಡೆ ಅಂದರೆ ಹೆಸರಿಗಷ್ಟೇ. ಆ ಕಡೆ ಮಹೇಶನ ಹೆಂಡತಿ, ನನ್ನ ನೆಗೆಣ್ಣಿ ಶೈಲಶ್ರೀ ಸೀನಿದರೆ ಈ ಕಡೆ ನಾನು ಮೂಗು ಒರೆಸಿಕೊಳ್ಳಬೇಕು. ಆದರೂ ನಮ್ಮ ನಡುವೆ ಮಾತಿಲ್ಲ, ಕತೆಯಿಲ್ಲ. ಅಣ್ಣತಮ್ಮಂದಿರಂತೂ ಓಣಿಯಲ್ಲಿ ಎದುರಾದರೆ ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬ ಗಟಾರ ನೋಡುತ್ತಿದ್ದ.

ಈ ನಡುವೆ ಶೈಲಶ್ರೀಯ ಮಗಳು ಐಶ್ವರ್ಯ ಚಿಂಚೋಳಿಯ ಗಂಡನ ಮನೆಯಿಂದ ಬಾಣಂತನಕ್ಕೆ ಬಂದಳು. ಗಂಡು ಕೂಸು. ಸಾಮಾನು ತುಂಬಿಟ್ಟಿದ್ದ ಅವರ ಅರ್ಧ ಪಡಸಾಲೆಯನ್ನೇ ಬಾಣಂತಿ ಕೋಣೆ ಮಾಡಿದರು. ನನಗೆ ಮಕ್ಕಳಿಲ್ಲ, ಆ ಹುಡುಗಿಯನ್ನು ಎತ್ತಿ ಆಡಿಸಿ, ತಲೆ ಬಾಚಿ, ಶಾಲೆಗೆ ಕಳಿಸಿದವಳು ನಾನು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಓಣಿಗೆಲ್ಲ ಕರೆ ಬಂತು, ನನಗೆ ಬರಲಿಲ್ಲ. ಪ್ಲೈವುಡ್ಡಿಗೆ ಕಿವಿ ಹಚ್ಚಿ ಜೋಗುಳ ಕೇಳಿದೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಕೂಸಿನ ಮುಖ ಒಂದು ಸಲ ನೋಡಿದ್ದರೆ ಸಾಕಿತ್ತು.

ಅದೇ ಹೊತ್ತಿಗೆ ಸೇಡಂನಲ್ಲಿ ನನ್ನ ತಂಗಿಯ ಮನೆಯಲ್ಲಿ ಕರೆಂಟಿನ ತಂತಿ ಹೊತ್ತಿಕೊಂಡು ಅಲ್ಮಾರಿ ಸಮೇತ ಸೀರೆಗಳೆಲ್ಲ ಸುಟ್ಟುಹೋದವು. ಸಮಾಧಾನ ಹೇಳಲು ಹೋದವಳು ಅವರು ಹೊಸದಾಗಿ ಹಾಕಿಸಿದ ಸ್ವಿಚ್ಚೊಂದನ್ನು ನೋಡಿ ಬಂದೆ. ಮನೆಯೊಳಗೆ ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ತಾಳೆಯಾಗಬೇಕು. ಚೂರು ಫರಕು ಬಂದರೂ, ಕಣ್ಣು ಮಿಟುಕಿಸುವುದರೊಳಗೆ ಟಪ್ ಎಂದು ಬಿದ್ದು ಎಲ್ಲ ಬಂದ್ ಮಾಡಿಬಿಡುತ್ತದೆ. ನನಗೆ ಭಾರಿ ಹಿಡಿಸಿತು. ನಮ್ಮ ಮನೆತನದಲ್ಲಿ ಅಷ್ಟು ನಿಯತ್ತಿನವರು ಯಾರೂ ಇರಲಿಲ್ಲ.

"ಕಲ್ಲಿನ ಮನಿಗಿ ಬೆಂಕಿ ಹತ್ತತದಂತ ಯಾರ್ ಹೇಳ್ಯಾರ ನಿನಗ? ಇದೇನ್ ಹುಲ್ಲಿನ ಬಣವಿ ಏನ?" ಎಂದರು ಇವರು.

"ನಟ್ಟ ನಡುವ ಪ್ಲೈವುಡ್ ಅದ ಅಲ್ರಿ."

"ಅದು ನಮ್ದಲ್ಲ. ಅರ್ಧ ಅವಂದದ."

ಅರ್ಧ ಗೋಡೆಗೆ ಮಾತ್ರ ಬೆಂಕಿ ಹತ್ತುತ್ತದೆಂದು ಇವರ ಲೆಕ್ಕವೋ ಏನೋ. ನಾನು ಕೇಳಲಿಲ್ಲ. ಬಜಾರಿನಲ್ಲಿ ಅಂಗಡಿ ಇಟ್ಟುಕೊಂಡ ಎಲೆಕ್ಟ್ರಿಷಿಯನ್ ಗುಲಾಮ ದಸ್ತಗೀರನನ್ನು ಕರೆಸಿ ಸ್ವಿಚ್ಚು ಕೂರಿಸಿಯೇ ಬಿಟ್ಟೆ.

ಮರುದಿನ ಮುಂಜಾನೆಯಿಂದಲೇ ಅದು ಬೀಳಲು ಶುರುವಾಯಿತು. ನಾನು ರೊಟ್ಟಿಗೆಂದು ಮಿಕ್ಸಿಯಲ್ಲಿ ಶೇಂಗಾ ಹಿಂಡಿ ಹಾಕಿರುತ್ತಿದ್ದೆ, ಇವರು ಟಿವಿಯ ಮುಂದೆ ಕೂತು ರಾಶಿಫಲ ಕೇಳುತ್ತಿದ್ದರು. ಸ್ವಾಮಿಗಳು ಮೇಷ, ವೃಷಭ ದಾಟಿ ಇವರ ರಾಶಿಗೆ ಬಂದು ಬಾಯಿ ತೆರೆಯುವುದಕ್ಕೂ ಸ್ವಿಚ್ಚು ಟಪ್ ಎನ್ನುವುದಕ್ಕೂ ಸರಿಯಾಗುತ್ತಿತ್ತು. ಪಾಪ, ಇವರ ಭವಿಷ್ಯ ಏನೆಂಬುದು ಇವರಿಗೆ ದಿನವೂ ಗೊತ್ತಾಗದೆ ಉಳಿಯಿತು.

ಆದರೆ ವಿಚಿತ್ರವೆಂದರೆ, ನಮ್ಮ ಸ್ವಿಚ್ಚು ಬಿದ್ದರೆ ಆ ಕಡೆ ಕೂಸಿನ ಜಳಕಕ್ಕೆ ನೀರು ಕಾಸುವ ಹೀಟರೂ ಆರುತ್ತಿತ್ತು. ಆ ಹೀಟರಿನ ಪ್ಲಗ್ಗು ಇದ್ದದ್ದು ಬಾಣಂತಿ ಕೋಣೆಯಲ್ಲಿ, ಅಲ್ಲಿಂದ ಹಿತ್ತಲ ಬಚ್ಚಲಿಗೆ ವೈರು ಎಳೆದಿದ್ದರು. ಅದಕ್ಕೂ ನಮಗೂ ಏನು ಸಂಬಂಧವೆಂದು ಯಾರೂ ಯೋಚಿಸಲಿಲ್ಲ. ಶೈಲಶ್ರೀಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ.

"ಮತ್ತ ಬಂದ್ ಮಾಡಿದ್ಳು ನೋಡವ್ವ!" ಎಂದು ಗೋಡೆಯ ಆಚೆಯಿಂದ ಕೂಗುತ್ತಿದ್ದಳು. "ಕೂಸಿಗಿ ಎರಡು ಚರಗಿ ಬಿಸಿನೀರ ಹಾಕಾಕ ಬಿಡಾಂಗಿಲ್ಲ. ಆ ಸ್ವಿಚ್ ಒತ್ತೋ ಕೈಗಿ ಹುಳ ಬೀಳ್ಲಿ!"

"ನಾ ಮುಟ್ಟಿಲ್ಲವ್ವ! ಅದು ತಾನ ಬಿದ್ದದ!"

"ತಾನ ಬೀಳ್ತದಂತ, ತಾನ! ಹಣ್ಣ ಏನ್ ಅದು?"

ದಸ್ತಗೀರ ಮತ್ತೆ ಬಂದ. ಸ್ವಿಚ್ಚಿನ ಮೂತಿಯನ್ನು ಅತ್ತಿಂದ ಇತ್ತಿಂದ ನೋಡಿ, "ಅಕ್ಕಾರ, ಇದು ಭಾಳ ನಾಜೂಕದ. ಇಷ್ಟ್ ನಾಜೂಕ ಇದ್ರ ಸಂಸಾರ ನಡಿಯಂಗಿಲ್ಲ. ಡೈರೆಕ್ಟ್ ಮಾಡಿಬಿಡ್ಲೇನು?" ಎಂದ. ಡೈರೆಕ್ಟ್ ಎಂದರೆ ಸ್ವಿಚ್ಚನ್ನು ಬೋರ್ಡಿನ ಮೇಲೆ ಶೋಕಿಗೆ ಬಿಟ್ಟು, ಹಿಂದಿನಿಂದ ತಂತಿಗೆ ತಂತಿ ಜೋಡಿಸಿಬಿಡುವುದು. "ಕೈ ಹಚ್ಚಿ ನೋಡು, ಹೇಳ್ತೀನಿ," ಎಂದೆ. ಅವನು ಚಹಾ ಕೂಡ ಕುಡಿಯದೆ ಹೋದ.

ಆಮೇಲೆ ನಾನು ಗುಂಡಗುರ್ತಿಗೆ ಒಂದು ಮದುವೆಗೆ ಹೋಗಿ ಬಂದೆ. ಬಂದು ನೋಡಿದರೆ ಸ್ವಿಚ್ಚು ಬೀಳುವುದು ನಿಂತುಹೋಗಿತ್ತು. ಮಿಕ್ಸಿ ಓಡಿತು, ಸ್ವಾಮಿಗಳು ಹನ್ನೆರಡೂ ರಾಶಿ ಮುಗಿಸಿದರು, ಆ ಕಡೆ ಕೂಸಿಗೆ ನೀರೂ ಕಾಯಿತು.

"ಏನಾಯ್ತ್ರಿ ಇದಕ್ಕ?" ಎಂದು ಕೇಳಿದೆ.

"ಹೊಸ ಸೊಸಿ ಇದ್ದಂಗ ಅದು. ನಾಕ್ ದಿನ ಸಿಡಿಮಿಡಿ ಅಂತು, ಈಗ ಹೊಂದ್ಕೊಂಡದ."

ಸೊಸೆಯಾಗಿ ಬಂದ ನನಗೇ ಹೀಗೆ ಹೇಳುತ್ತಾರಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಮುಂದಿನ ಪ್ರಶ್ನೆ ಕೇಳುವುದು ಬಿಟ್ಟುಹೋಯಿತು.

ಚಳಿ ಬಿತ್ತು. ಬಾಣಂತಿ ಕೋಣೆಯಲ್ಲಿ ಶೇಗಡಿಯ ಕೆಂಡ, ಲೋಬಾನದ ಹೊಗೆ. ಪ್ಲೈವುಡ್ಡಿನ ಸಂದಿಯಿಂದ ನಮ್ಮ ಪಾಲಿಗೂ ಒಂದಿಷ್ಟು ಘಮ ಬರುತ್ತಿತ್ತು. ಇವರು ಮುಂಜಾನೆ ಟಿವಿ ನೋಡುವಾಗ ಆ ಗೋಡೆಗೇ ಒರಗಿ ಕೂರುವ ಹೊಸ ಚಾಳಿ ಕಲಿತರು. "ಬೆನ್ನಿಗಿ ಭಾಳ ಹಿತ ಆಗ್ಲಿಕತ್ತದ. ಎಣ್ಣಿ ಹಚ್ಚಿ ತಿಕ್ಕಿಸ್ಕೊಂಡಂಗ," ಎನ್ನುತ್ತಿದ್ದರು. ಆಚೆಯ ಶೇಗಡಿಯ ಕಾವಿರಬೇಕು ಎಂದುಕೊಂಡೆ. ತಮ್ಮನ ಕೆಂಡ ಅಣ್ಣನ ಬೆನ್ನಿಗೆ ಬಿಟ್ಟಿ ಸಿಗುತ್ತಿದೆ, ಇವರಿಗೆ ಅದಕ್ಕಿಂತ ಸುಖ ಇನ್ನೇನಿದೆ.

ಒಂದು ಮುಂಜಾನೆ ಕಸ ಹೊಡೆಯುತ್ತ, ಇವರು ಒರಗಿದ್ದ ಜಾಗದಿಂದ ಒಂದು ಮಾರು ಆಚೆ ಗೋಡೆಗೆ ಅಂಗೈ ಊರಿದೆ. ಊರಿದ ಕೈ ಹಾಗೇ ಹಿಂದಕ್ಕೆ ಬಂತು. ರೊಟ್ಟಿಯ ಹಂಚು ಮುಟ್ಟಿದಂತಿತ್ತು. ಬಗ್ಗಿ ಮೂಸಿದರೆ, ಲೋಬಾನದ ಕೆಳಗೆ ಚಪ್ಪಲಿ ಸುಟ್ಟ ನಾತ.

ಬೋರ್ಡಿನ ಹತ್ತಿರ ಓಡಿದೆ. ಸ್ವಿಚ್ಚು ನೆಟ್ಟಗೆ ನಿಂತಿತ್ತು. ಬೆರಳು ಹಾಕಿ ಕೆಳಗೆ ಎಳೆದೆ. ಸ್ವಿಚ್ಚು ಬಿತ್ತು, ಟಿವಿಯ ಸ್ವಾಮಿಗಳು ನಿಲ್ಲಲಿಲ್ಲ. "ಇಂದು ನಿಮಗೆ ಬಂಧುಗಳ ಸಹಕಾರವಿದೆ," ಎನ್ನುತ್ತಲೇ ಇದ್ದರು. ಯಾರೋ ಡೈರೆಕ್ಟ್ ಮಾಡಿಸಿದ್ದರು. ತಿರುಗಿ ಇವರನ್ನು ನೋಡಿದೆ. ಇವರು ಟಿವಿಯ ಕಡೆ ಇನ್ನಷ್ಟು ಗಮನ ಕೊಟ್ಟರು.

ಬೈಯಲು ಪುರುಸೊತ್ತಿರಲಿಲ್ಲ. ಮೀಟರಿನ ಪಕ್ಕದ ಮೇನ್ ಜಗ್ಗಿದೆ. ಟಿವಿ ಸತ್ತಿತು, ಆ ಕಡೆ ಹೀಟರೂ ಆರಿತು, ಹಿತ್ತಲ ಬಚ್ಚಲಿನಿಂದ ಶೈಲಶ್ರೀಯ ಬೈಗುಳದ ಪೂಜೆ ಶುರುವಾಯಿತು.

"ಶೈಲಾ! ಕೂಸಿನ್ನ ಎತ್ಕೋ! ಗೋಡಿ ಸುಡ್ಲಿಕತ್ತದ! ನಿಮ್ ಮೇನ್ ತಗಿ!"

"ಸುಡ್ತದಂತ! ಕೇಳ್ರೆವ್ವ, ಹಸಿ ಬಾಣಂತಿ ಇರೋ ಮನಿಗಿ ಸುಡ್ಲಿ ಅಂತಾಳ!"

"ನಿನ್ನ ಕಾಲಿಗಿ ಬೀಳ್ತೀನಿ, ಕೂಸೆಲ್ಲಿ ಅದ ಹೇಳು!"

"ತೊಟ್ಟಿಲದಾಗ ಅದ! ನೀ ಅದರ ಮ್ಯಾಲ ಕಣ್ಣ ಹಾಕಬ್ಯಾಡ!"

ತೊಟ್ಟಿಲು ಕಟ್ಟಿದ್ದು ಇದೇ ಗೋಡೆಯ ಮಗ್ಗುಲಲ್ಲಿ. ಅಷ್ಟು ನನಗೆ ಜೋಗುಳ ಕೇಳಿಯೇ ಗೊತ್ತಿತ್ತು. ಬಾಣಂತಿಗೆ ಎರೆಯುವ ಹೊತ್ತು, ಅಜ್ಜಿ ಬಚ್ಚಲಿನಲ್ಲಿ, ತಾಯಿ ಬಚ್ಚಲಿನಲ್ಲಿ, ಕೂಸೊಂದೇ ಒಳಗೆ. ಮೂಲೆಯಲ್ಲಿದ್ದ ಕಬ್ಬಿಣದ ಹಾರೆ ತೆಗೆದುಕೊಂಡು ಪ್ಲೈವುಡ್ಡಿನ ಸಂದಿಗೆ ತುರುಕಿದೆ.

"ಏ, ಏ! ಅರ್ಧ ಅವಂದದ! ಕೇಸ್ ಹಾಕ್ತಾನ!" ಎಂದು ಇವರು ಎದ್ದು ನಿಂತರು.

ನಮ್ಮ ಬದಿಯ ಹಲಗೆ ಮೊಳೆ ಸಮೇತ ಕಿತ್ತು ಬಂತು. ಒಳಗೆ ಪಟ್ಟಿಗಳು ಕೆಂಡವಾಗಿದ್ದವು. ಗಾಳಿ ತಾಗಿದ್ದೇ ತಡ, ಬೆಂಕಿ ಭಗ್ ಎಂದು ಎದ್ದಿತು. ಉರಿ ಇಲ್ಲದ ಕಡೆ ನೋಡಿ ಆಚೆಯ ಹಲಗೆಗೂ ಹಾರೆಯಿಂದ ಕುಟ್ಟಿದೆ, ತಲೆ ತೂರುವಷ್ಟು ಕಿಂಡಿಯಾಯಿತು, ಇನ್ನೊಂದು ಏಟಿಗೆ ನಾನು ತೂರುವಷ್ಟಾಯಿತು. ಪಾಲಾದ ಮೇಲೆ ಮೊದಲ ಸಲ ಮೈದುನನ ಮನೆಗೆ ಹೀಗೆ ನುಗ್ಗಿದೆ, ಸೀರೆಯ ಸೆರಗು ಮೊಳೆಗೆ ಬಿಟ್ಟು. ಹೊಗೆಯಲ್ಲಿ ಕೈಯಾಡಿಸಿ ತೊಟ್ಟಿಲಿನಿಂದ ಕೂಸನ್ನು ಎತ್ತಿ ಬಾಗಿಲಿಗೆ ಓಡಿದೆ. ಅದರ ಮುಖ ನೋಡಲೂ ಆಗಲಿಲ್ಲ.

ಬಾಗಿಲಲ್ಲಿ ಶೈಲಶ್ರೀ ಬಿಸಿನೀರಿನ ಬೋಗುಣಿ ಹಿಡಿದು ನಿಂತಿದ್ದಳು. ಮಸಿ ಬಡಿದ ನನ್ನ ಮೋರೆ, ನನ್ನ ಕೈಯಲ್ಲಿ ಅವಳ ಮೊಮ್ಮಗ. ಆ ನೀರು ನನ್ನ ಮೇಲೇ ಬೀಳುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಅವಳಿಗೆ ನನ್ನ ಬೆನ್ನ ಹಿಂದಿನ ಉರಿ ಕಂಡಿತು. ಬೋಗುಣಿ ಇಟ್ಟವಳೇ ಕೂಸನ್ನು ಕಸಿದುಕೊಂಡು ಎದೆಗೆ ಅವುಚಿಕೊಂಡಳು.

ಗದ್ದಲಕ್ಕೆ ಹೊರಗಿನಿಂದ ಓಡಿ ಬಂದ ಮೈದುನನಿಗೆ, "ಮೇನ್ ತಗಿಯೋ ಮಹೇಶಾ!" ಎಂದು ನಾನು ಕೂಗಿದೆ. ಅವನು ತೆಗೆದ. ಆಮೇಲೆ ಆ ಬೋಗುಣಿ, ಅದರ ಹಿಂದೆ ಬಚ್ಚಲಿನ ಹಂಡೆ, ಓಣಿಯವರ ಕೊಡ, ಸಿಕ್ಕಿದ್ದೆಲ್ಲ ಗೋಡೆಯ ಮೇಲೆ ಸುರಿದೆವು. ಬೆಂಕಿ ಆರಿತು. ಐಶ್ವರ್ಯ ಒದ್ದೆ ತಲೆಯಲ್ಲೇ ಬಂದು, "ದೊಡ್ಡವ್ವಾ," ಎಂದು ನನ್ನ ಕುತ್ತಿಗೆಗೆ ಬಿದ್ದಳು. ಕೂಸು ಕೆಮ್ಮಿ, ಸೀನಿ, ಓಣಿಗೆಲ್ಲ ಕೇಳುವಂತೆ ಅತ್ತಿತು. ಅಷ್ಟು ಚೆಂದದ ಅಳು ನಾನು ಕೇಳಿಲ್ಲ.

ಗದ್ದಲ ಕೇಳಿ ದಸ್ತಗೀರನೂ ಬಂದ. ಸುಟ್ಟ ಪಟ್ಟಿಗಳ ನಡುವೆ ಒಂದು ಜೋಡಣೆ ಕರಗಿ ಗಂಟಾಗಿತ್ತು. ಪಾಲಾಗುವಾಗ ಆ ಕೋಣೆಗೆ ಕರೆಂಟು ತರುವ ತಂತಿಯನ್ನು ಮಹೇಶನ ಮೀಟರಿನಿಂದ ಹೊಸದಾಗಿ ಎಳೆದಿದ್ದರು. ವಾಪಸ್ ಹೋಗುವ ತಂತಿಯನ್ನು ಯಾರೂ ಬೇರೆ ಮಾಡಿರಲಿಲ್ಲ. ಅದು ನಮ್ಮ ಮನೆಯ ತಂತಿಗೇ ಹೊಸೆದುಕೊಂಡು ಉಳಿದಿತ್ತು. ಚಮಚ ಎಣಿಸಿ ಹಂಚಿಕೊಂಡವರಿಗೆ ಇದು ನೆನಪಾಗಿರಲಿಲ್ಲ. ಹೀಟರಿನ ಕರೆಂಟೆಲ್ಲ ಆ ಸಡಿಲ ಗಂಟಿನ ಮೂಲಕ ನಮ್ಮ ಕಡೆ ಬರುತ್ತಿತ್ತು, ನಮ್ಮ ಸ್ವಿಚ್ಚಿಗೆ ತಾಳೆ ತಪ್ಪುತ್ತಿತ್ತು.

"ಅಂದ್ರ ದಿನಾ ಅದು ಬಿದ್ದಿದ್ದು..." ಎಂದಳು ಶೈಲಶ್ರೀ.

"ಇದಕ್ಕ ಬಿದ್ದಿದ್ದವ್ವ. ಗಂಟು ಸುಡಬಾರದಂತ," ಎಂದೆ ನಾನು.

ಅವಳು ಕೂಸಿನ ತಲೆ ಸವರಿದಳು. "ಮತ್ತ ಇವತ್ತ್ಯಾಕ ಬೀಳ್ಲಿಲ್ಲ?"

ನಾನು ಇವರನ್ನು ನೋಡಿದೆ. ನನ್ನ ಗಂಡನ ಮೇಲೆ ನನಗೆ ಆ ಕ್ಷಣ ಎಷ್ಟು ಅಸಹ್ಯ ಹುಟ್ಟಿತೆಂದರೆ, ಎಲ್ಲರ ಮುಂದೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ನನಗಿಂತ ಮೊದಲು ದಸ್ತಗೀರ ಬಾಯಿ ಬಿಟ್ಟ.

"ನನಗ್ಯಾಕ ನೋಡ್ತೀರಿ ಎಲ್ಲಾರೂ? ಅಕ್ಕಾರ ಮದಿವಿಗಿ ಹೋದಾಗ, ಡೈರೆಕ್ಟ್ ಮಾಡು ಅಂತ ಇಬ್ರೂ ಕೂಡೇ ಬಂದಿದ್ರು ಅಂಗಡಿಗಿ. ಒಂದೇ ಗಾಡಿ ಮ್ಯಾಲ. ಸಣ್ಣವ್ರು ಹೊಡಿಲಿಕತ್ತಿದ್ರು, ದೊಡ್ಡವ್ರು ಹಿಂದ ಕುಂತಿದ್ರು."

ಅಣ್ಣ ತಮ್ಮನನ್ನು ನೋಡಿದರು, ತಮ್ಮ ಅಣ್ಣನನ್ನು ನೋಡಿದ. ಪಾಲಾದ ಮೇಲೆ ಇಬ್ಬರೂ ಕೂಡಿ ಮಾಡಿದ ಕೆಲಸ ಇದೊಂದೇ.

ಶೈಲಶ್ರೀ ನನ್ನ ಹತ್ತಿರ ಬಂದು, "ಅಕ್ಕಾ, ಕೂಸಿನ್ನ ಹಿಡೀರಿ," ಎಂದು ಅದನ್ನು ನನ್ನ ತೋಳಿಗೆ ಇಟ್ಟಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಬಿದ್ದಿದ್ದ ಹಾರೆಗೆ ಬಗ್ಗಿದಳು.

ಕೂಸು ನನ್ನನ್ನು ಕಣ್ಣರಳಿಸಿ ನೋಡಿ, ಮೈಮೇಲೆ ಬೆಚ್ಚಗೆ ಉಚ್ಚೆ ಹೊಯ್ದಿತು. ನಾನು ಅಲುಗಲಿಲ್ಲ. ಅಣ್ಣತಮ್ಮಂದಿರು ಮಾತ್ರ ಒಂದೇ ಬಾಗಿಲಿಂದ, ಒಬ್ಬರನ್ನೊಬ್ಬರು ದಬ್ಬಿಕೊಂಡು ಓಡಿದರು.