ಸೂಜಿಮೊನೆಯಷ್ಟು ಡೀಸೆಲ್

ಅಮ್ಮ ತೀರಿಕೊಂಡು ವಾರ ಕಳೆಯುವುದರೊಳಗೆ ಅವನು ಗ್ಯಾರೇಜಿನ ಶಟರ್ ಎತ್ತಿದ. ಮನೆಯಲ್ಲಿ ಕೂತು ಮಾಡುವುದಾದರೂ ಏನಿತ್ತು? ಮದುವೆಯಾಗದ ಅವನು ಇಷ್ಟು ವರ್ಷವೂ ಅಮ್ಮನ ಜೊತೆಯಲ್ಲೇ ಇದ್ದವನು. ಗ್ಯಾರೇಜಿನ ಮುಂದೆ ಬಿಡಿಭಾಗಗಳ ಅಂಗಡಿ ನೋಡಿಕೊಳ್ಳುತ್ತಿದ್ದ ಅಕ್ಕ ಗಿರಾಕಿಗಳೆದುರೇ ಅಳುತ್ತಿದ್ದಳು, ಕಣ್ಣೊರೆಸಿಕೊಂಡು ಫಿಲ್ಟರ್ ತೆಗೆದುಕೊಡುತ್ತಿದ್ದಳು, ಮತ್ತೆ ಅಳುತ್ತಿದ್ದಳು. ಅವನ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ.

"ನಮ್ಮನೆಗೆ ಬಂದ್ಬಿಡೋ. ಅಲ್ಲಿ ಒಬ್ನೇ ಗೋಡೆ ನೋಡ್ಕೊಂಡು ಕೂರ್ತೀಯಾ?" ಎಂದು ಅಕ್ಕ ದಿನವೂ ಕೇಳುತ್ತಿದ್ದಳು.

"ನೋಡೋಣ" ಅನ್ನುತ್ತಿದ್ದ. ನೋಡುತ್ತಿದ್ದದ್ದು ಗೋಡೆಯನ್ನೇ.

ಒಂದು ಬೆಳಿಗ್ಗೆ ಕೈಗೆ ಬಂದದ್ದು ನರ್ಸಮ್ಮನ ಹಳೇ ಡೀಸೆಲ್ ಕಾರು. ಅವರು ಆಸ್ಪತ್ರೆಯಿಂದ ನಿವೃತ್ತರಾಗಿದ್ದರೂ ಎಲ್ಲರೂ ಹಾಗೇ ಕರೆಯುತ್ತಿದ್ದರು. ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಸ್ಟಾರ್ಟ್ ಆದ ಮೇಲೂ ಕುಂಟುತ್ತಾ ಬಿಳಿ ಹೊಗೆ ಉಗುಳುತ್ತಿತ್ತು. ಎಂಜಿನ್ ಓಡುತ್ತಿರುವಾಗಲೇ, ಪಂಪಿನಿಂದ, ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳಿಗೆ ಅದನ್ನು ಒಯ್ಯುವ ಉಕ್ಕಿನ ಪೈಪುಗಳ ನಟ್ಟುಗಳನ್ನು ಅವನು ಒಂದೊಂದಾಗಿ ಸಡಿಲಿಸಿ, ಮತ್ತೆ ಬಿಗಿದು ನೋಡಿದ. ಪ್ರತಿ ಸಲವೂ ಸದ್ದು ಏರುಪೇರಾಯಿತು. ಕೊನೆಯದನ್ನು ಸಡಿಲಿಸಿದಾಗ ಮಾತ್ರ ಎಂಜಿನ್‌ಗೆ ಗೊತ್ತೇ ಆಗಲಿಲ್ಲ. ಅಂದರೆ ಅಲ್ಲಿಗೆ ಡೀಸೆಲ್ ಸರಿಯಾಗಿ ತಲುಪುತ್ತಿಲ್ಲ. ಪೈಪುಗಳನ್ನು ಅಲುಗದಂತೆ ಹಿಡಿದಿಡುವ ಕ್ಲಾಂಪ್ ಯಾವಾಗಲೋ ಬಿದ್ದುಹೋಗಿತ್ತು. ಪೈಪು ನಡುಗಿ ನಡುಗಿ ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬೇಕು.

ಅಂಥ ಬಿರುಕು ಹುಡುಕಲು, ಚಿಮ್ಮುವ ಡೀಸೆಲ್ಲಿನ ಕಲೆ ಬೀಳುವಂತೆ ರಟ್ಟಿನ ತುಂಡು ಹಿಡಿಯಬೇಕು, ಕೈ ಒಡ್ಡಬಾರದು. ಅದು ಅವನಿಗೆ ಗೊತ್ತಿರದ ವಿಷಯವಲ್ಲ. ಆದರೂ ಬರಿಗೈಯನ್ನೇ ಪೈಪಿನುದ್ದಕ್ಕೂ ಸವರಿಕೊಂಡು ಹೋದ.

ಬಲಗೈ ತೋರುಬೆರಳಿಗೆ ಏನೋ ಚುಚ್ಚಿದಂತಾಯಿತು. ಸೊಳ್ಳೆ ಕಚ್ಚಿದಷ್ಟೂ ನೋವಿಲ್ಲ. ನೋಡಿದರೆ ಸಣ್ಣ ಚುಕ್ಕೆ, ರಕ್ತವೂ ಇಲ್ಲ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಎಂಜಿನ್ ಆರಿಸಿದ, ಪೈಪು ಬಿಚ್ಚಿಟ್ಟ. ಮಿಕ್ಕ ಡೀಸೆಲ್ ವಾಪಸ್ ಹೋಗುವ ರಬ್ಬರ್ ಟ್ಯೂಬುಗಳೂ ಒಣಗಿ ಸೀಳಿದ್ದವು, ಅವನ್ನೂ ಕಿತ್ತುಹಾಕಿದ. ಊಟದ ಹೊತ್ತಿಗೆ ಸ್ಪ್ಯಾನರ್ ಕೈಯಿಂದ ಜಾರತೊಡಗಿತು. ಬೆರಳು ಬಿಳುಚಿ ಊದಿತ್ತು. ತುದಿ ಮುಟ್ಟಿಕೊಂಡರೆ ಬೇರೆ ಯಾರದೋ ಬೆರಳು ಮುಟ್ಟಿದ ಹಾಗಿತ್ತು.

"ಏನೋ ಅದು?" ಅಕ್ಕ ಕೌಂಟರ್ ದಾಟಿ ಬಂದಳು.

"ಏನಿಲ್ಲ. ಡೀಸೆಲ್ ತಾಗಿದೆ."

"ಯಾರ‍್ದೋ ಎಂಜಿನ್ ಕೆಮ್ಮಿದ್ರೆ ಓಡೋಡಿ ಹೋಗ್ತೀಯ. ನಿನ್ನ ಬೆರಳು ಬದನೆಕಾಯಿ ಆದ್ರೂ ಕ್ಯಾರೇ ಅನ್ನಲ್ಲ!"

ಅಷ್ಟರಲ್ಲಿ ಕಾರು ಆಯಿತೇನೋ ಎಂದು ವಿಚಾರಿಸಲು ನರ್ಸಮ್ಮ ಬಂದರು. ಕಾರಿನ ಕಡೆ ನೋಡಲೇ ಇಲ್ಲ. ಅವನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು.

"ಯಾವಾಗ ಆಗಿದ್ದು?"

"ಬೆಳಿಗ್ಗೆ. ನೋವೇನಿಲ್ಲಮ್ಮ."

"ಅದೇ ಕೆಟ್ಟದ್ದು. ಇದು ತಾಗಿದ್ದಲ್ಲಪ್ಪ, ಒಳಗೆ ಹೊಕ್ಕಿದೆ. ಏಳು, ಆಸ್ಪತ್ರೆಗೆ."

"ನಿಮ್ಮ ಕಾರು ಬಿಚ್ಚಿ ಹಾಕಿದೀನಲ್ಲ..."

"ಕಾರು ಎಲ್ಲೂ ಓಡಿಹೋಗಲ್ಲ. ಅದಕ್ಕೆ ತಾನೆ ನಿನ್ನ ಹತ್ರ ತಂದಿರೋದು!"

ಅಕ್ಕ ಶಟರ್ ಎಳೆದಳು. ಟ್ಯಾಕ್ಸಿಯಲ್ಲಿ ಇಬ್ಬರ ನಡುವೆ ಅವನು ಸಾಮಾನಿನ ಮೂಟೆಯಂತೆ ಕೂತ. ಆಸ್ಪತ್ರೆಯಲ್ಲಿ ಡಾಕ್ಟರ್ ಬೆರಳನ್ನು ಸೂಜಿಯಿಂದ ಮುಟ್ಟಿ, "ಗೊತ್ತಾಗುತ್ತಾ?" ಎಂದರು. "ಇಲ್ಲ." ಕೆಳಗೆ ಮುಟ್ಟಿದರು. "ಇಲ್ಲಿ?" "ಇಲ್ಲ."

"ಪಂಪಿನ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿಕೊಂಡು ಅಂಗೈವರೆಗೂ ಹೋಗಿದೆ. ಈಗಲೇ ಕುಯ್ದು ತೊಳೀಬೇಕು. ಬೆರಳು ಪೂರ್ತಿ ಉಳಿಯುತ್ತೆ ಅಂತ ಮಾತು ಕೊಡೋಕಾಗಲ್ಲ. ಬರಿಗೈ ಯಾಕೆ ಇಟ್ರಿ?"

ಅವನು ತನ್ನ ಬೆರಳನ್ನೇ ನೋಡಿದ. "ಸರಿ, ಕುಯ್ಯಿರಿ" ಅಂದ.

ಡಾಕ್ಟರ್ ಅಕ್ಕನ ಮುಖ ನೋಡಿದರು. "ಇವ್ರಿಗೆ ಅರ್ಥ ಆಯ್ತು ತಾನೆ?"

ಬೆರಳ ತುದಿಯ ಗಿಣ್ಣು ಹೋಯಿತು, ಮಿಕ್ಕದ್ದು ಉಳಿಯಿತು. ವಾರ್ಡಿನಲ್ಲಿ ಅಕ್ಕ ಬ್ಯಾಂಡೇಜು ನೋಡಿದ್ದೇ ತಡ ಅಳು ಶುರುಮಾಡಿದಳು. "ನಿನ್ನ ಪಾಲಿಂದೂ ನಾನೇ ಅಳ್ಬೇಕೇನೋ?"

"ಅಳು ಬರ್ತಿಲ್ಲಕ್ಕ" ಅಂದ ಅವನು, ಛಾವಣಿ ನೋಡುತ್ತಾ. "ಬರಿಸೋಕೆ ನೋಡ್ದೆ. ಅಮ್ಮನ ಚಪ್ಪಲಿ ಎದುರಿಗಿಟ್ಕೊಂಡು ಕೂತೆ. ಪಟ್ಟಿ ಕಿತ್ತೋಗಿತ್ತು, ಹೊಲಿಗೆ ಹಾಕಿಸ್ಬೇಕು ಅನ್ಸ್ತು. ಅಷ್ಟೆ."

ಅಕ್ಕ ಮೂಗೊರೆಸಿಕೊಂಡು ಕಿತ್ತಳೆ ಸುಲಿದಳು, ತೊಳೆ ತೊಳೆಯಾಗಿ ಬಾಯಿಗಿಟ್ಟಳು. ಹುಳಿಯೋ ಸಿಹಿಯೋ, ಅವನು ತಿಂದ.

ಹೊಲಿಗೆ ಬಿಚ್ಚಿದ ಮೇಲೆ ಗ್ಯಾರೇಜಿಗೆ ಬಂದರೆ ಕಾರು ಬಾನೆಟ್ ತೆರೆದುಕೊಂಡು ಹಾಗೇ ನಿಂತಿತ್ತು. ನರ್ಸಮ್ಮ ಬೇರೆ ಮೆಕ್ಯಾನಿಕ್‌ನ ಹತ್ತಿರ ಒಯ್ದಿರಲಿಲ್ಲ. ಅವನು ಸ್ಟೂಲಿನ ಮೇಲೆ ಕೂತು ಹೇಳಿದ, ಅಕ್ಕ ಮಾಡಿದಳು. ಹೊಸ ಪೈಪು, ಹೊಸ ರಬ್ಬರ್ ಟ್ಯೂಬು, ಹೊಸ ಕ್ಲಾಂಪ್.

"ಮೊದ್ಲು ಕೈಯಲ್ಲೇ ತಿರುಗ್ಸು. ಸರಿಯಾಗಿ ಕೂತ್ಮೇಲೆ ಸ್ಪ್ಯಾನರ್. ನಾಜಲ್ ಕಡೆ ನಟ್ಟುಗಳನ್ನ ಪೂರ್ತಿ ಬಿಗೀಬೇಡ, ಗಾಳಿ ಹೋಗ್ಲಿ."

ನರ್ಸಮ್ಮ ಕೀ ತಿರುಗಿಸಿದರು. ನಟ್ಟಿನ ಬುಡದಲ್ಲಿ ನೊರೆ ಬುಳುಬುಳು ಎಂದಿತು. ನೊರೆ ನಿಂತು ಬರೀ ಡೀಸೆಲ್ ಬಂದಾಗ, "ಈಗ ಬಿಗಿ" ಅಂದ. ಒಂದೊಂದನ್ನೇ ಬಿಗಿಯುತ್ತಾ ಹೋದಂತೆ ಎಂಜಿನ್ ಗೊರಗುಟ್ಟಿ, ಒದರಿ, ಹಿಡಿದುಕೊಂಡಿತು. ಸದ್ದು ಸಮವಾಗಿತ್ತು. ಅಕ್ಕ ಡೀಸೆಲ್ ಮೆತ್ತಿದ ಮುಖದಲ್ಲೇ ನಕ್ಕಳು. ನರ್ಸಮ್ಮ ಹೋಗುತ್ತಾ ಹಾರ್ನ್ ಬಾರಿಸಿದರು. ಅವನು ಕೈ ಎತ್ತಿದ.

"ಇವತ್ತಾದ್ರೂ ನಮ್ಮನೆಗೆ ಬರ್ತೀಯಾ?" ಅಕ್ಕ ಕೇಳಿದಳು.

"ಬರ್ತೀನಿ."

ಅಕ್ಕನ ಮನೆಯಲ್ಲಿ ಭಾವ ಒಳಕೋಣೆಯ ಪೆಟ್ಟಿಗೆಗಳನ್ನೆಲ್ಲ ಒಂದು ಮೂಲೆಗೆ ತಳ್ಳಿ ಮಂಚ ಹಾಕಿದ್ದ. ಅವನು ಉಂಡು ಮಲಗಿದ. ಅಡುಗೆಮನೆಯಲ್ಲಿ ಅಕ್ಕ ಗಂಡನಿಗೆ ಕಾರಿನ ಕತೆ ಹೇಳುತ್ತಿದ್ದಳು, ಮೆಕ್ಯಾನಿಕ್ ತಾನೇ ಎಂಬಂತೆ, ಉಪ್ಪು ಖಾರ ಹಚ್ಚಿ. ಭಾವ ಬಿದ್ದು ಬಿದ್ದು ನಗುತ್ತಿದ್ದ. ಅವನಿಗೆ ನಗು ಬರಲಿಲ್ಲ. ಅಳುವೂ ಇಲ್ಲ. ಕೇಳುತ್ತಾ ಮಲಗಿದ್ದ.

"ಹದಿನಾಲ್ಕರ ಸ್ಪ್ಯಾನರ್ ತಗೊಂಡು ಒಂದೇ ಏಟಿಗೆ ಬಿಗಿದೆ ನೋಡಿ..." ಅನ್ನುತ್ತಿದ್ದಳು ಅಕ್ಕ.

"ಹದಿನೇಳು, ಅಕ್ಕ" ಎಂದು ಅವನು ಮಲಗಿದಲ್ಲಿಂದಲೇ ಕೂಗಿದ. "ಹದಿನಾಲ್ಕಲ್ಲ."