ಇಂಜಿನ್ ಅಣ್ಣನಿಗೆ, ಬಾಡಿ ತಮ್ಮನಿಗೆ

ಹಸಿವು ಕೊಟ್ಟ ಶಿವ ಅನ್ನವನ್ನೂ ಕೊಟ್ಟ. ಹೊಟ್ಟೆಕಿಚ್ಚು ಕೊಟ್ಟು ಮಾತ್ರ, ಇದಕ್ಕೆ ಮದ್ದು ನೀವೇ ಹುಡುಕಿಕೊಳ್ಳಿ ಎಂದು ಕಣ್ಣು ಮುಚ್ಚಿ ಕೂತುಬಿಟ್ಟ. ಪಿರಿಯಾಪಟ್ಟಣದ ಮಗ್ಗುಲಿನ ಹಳ್ಳಿಯ ಮಹದೇವಪ್ಪನಿಗೆ ತಲೆ ನರೆತರೂ ಆ ಮದ್ದು ಸಿಕ್ಕಿರಲಿಲ್ಲ.

ಕಿಚ್ಚು ಹತ್ತಿಸಿದ್ದು ಒಂದು ಕಾರು. ಕೊಡಗಿನ ತೋಟ ಬಿಟ್ಟು ಹೊರಟ ಬಿಳಿ ದೊರೆಯೊಬ್ಬನಿಂದ ಅವನ ಅಪ್ಪ ಕೊಂಡಿದ್ದ ಇಂಗ್ಲೆಂಡಿನ ಎಂ.ಜಿ. ಕಾರು, ಕೆಂಪು ಬಣ್ಣ, ಎರಡೇ ಸೀಟು, ತೆರೆದ ಮೈ. ಅಪ್ಪ ಲಿಂಗೈಕ್ಯನಾದ ಮೇಲೆ ಪಾಲಿಗೆ ಕೂತ ಹಿರಿಯರು ಹೊಲವನ್ನೂ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯನ್ನೂ ಸಲೀಸಾಗಿ ಎರಡು ಮಾಡಿದರು. ಕಾರಿನ ಮುಂದೆ ಬಂದಾಗ ತಲೆ ಕೆರೆದುಕೊಂಡರು.

“ಇಂಜಿನ್ ದೊಡ್ಡೋನ್ಗೆ, ಬಾಡಿ ಚಿಕ್ಕೋನ್ಗೆ. ಒಬ್ರನ್ ಬುಟ್ಟು ಒಬ್ರು ಮಾರಕ್ಕಾಗಕಿಲ್ಲ. ಒಟ್ಗಿರ್ತೀರಿ, ಓಗಿ” ಎಂದು ಎಲೆಅಡಿಕೆ ಹಾಕಿಕೊಂಡು ಎದ್ದರು.

ಜಾಣ ಪಾಲೇ. ಆದರೆ ಬಾಡಿ ಕಣ್ಣಿಗೆ ಕಾಣುತ್ತದೆ, ಇಂಜಿನ್ ಕಾಣುವುದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ತಮ್ಮ ಗೌರೀಶ ಆ ಕಾರಿನಲ್ಲಿ ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆಯ ಮದುವೆ ಮೆರವಣಿಗೆಗಳಿಗೆ ಗಂಡುಹೆಣ್ಣನ್ನು ಹೊತ್ತು ಹೋಗುತ್ತಿದ್ದ. ಆರತಿ ಬಾನೆಟ್ಟಿಗೆ, ಪೇಟ ಗೌರೀಶನ ತಲೆಗೆ. ಎಲ್ಲರ ಬಾಯಲ್ಲೂ ‘ಗೌರೀಶಣ್ಣನ ಕಾರು’. ಮಹದೇವಪ್ಪ ಮನೆಯಲ್ಲಿ ಆಯಿಲ್ ಬದಲಿಸಿ ಕೈ ಒರೆಸಿಕೊಳ್ಳುತ್ತಿದ್ದ.

ಹೀಗಿರಲು ಇಂಜಿನ್ನು ಟಿಕಟಿಕ ಎನ್ನತೊಡಗಿತು. ಹುಣಸೂರಿನ ಮೆಕ್ಯಾನಿಕ್ ನಂಜುಂಡೇಶ ಬಿಚ್ಚಿ ನೋಡಿದ. ಕ್ಯಾಮ್‌ಶಾಫ್ಟ್ ಸವೆದಿತ್ತು.

“ಇಲ್ನೋಡಣ್ಣ, ಈ ಸರಳಿನ ಮ್ಯಾಲೆ ಮೊಟ್ಟೆ ಆಕಾರ್ದ ಉಬ್ಬು ಅವಲ್ಲ, ಇವು ತಿರುಗ್ದಂಗೆ ವಾಲ್ವ್ ತೆಗೀತವೆ. ಇದ್ರಿಂದ್ಲೇ ಇಂಜಿನ್ ಉಸ್ರಾಡಾದು. ಈಗ ಉಬ್ಬೇ ಇಲ್ಲ. ಬ್ಯಾರೆ ಆಕ್ಬೇಕು. ಕೊಯಮತ್ತೂರ್ ಯಾಪಾರಿ ತಾವ ಎಲ್ಡು ಥರದ್ದು ಅದೆ. ಒಂದು ಕಾರಿನ್ ಜೊತೆ ಬಂದಿದ್ದಂತದ್ದೇ. ಇನ್ನೊಂದು ರೇಸಿನವರ್ದು.”

“ಯಾವ್ದುಕ್ ಸದ್ದು ಜಾಸ್ತಿ?” ಎಂದ ಮಹದೇವಪ್ಪ.

ನಂಜುಂಡೇಶ ನಕ್ಕ. “ರೇಸಿಂದುಕ್ಕೆ. ನಿಂತಿದ್ರೂ ಗುಡುಗ್ತದೆ. ಆದ್ರೆ ಜೋರಾಗ್ ಓಡಿದ್ರೇ ಅದುಕ್ ಉಸ್ರು. ನಿಧಾನಕ್ ಬುಟ್ರೆ ಕೆಮ್ಮಿ ಕೆಮ್ಮಿ ನಿಂತೋಯ್ತದೆ. ಮೆರವಣಿಗೆ ಕಾರಣ್ಣ ಇದು. ಮೊದಲ್ನೇದೇ ಆಕ್ಸಿ.”

“ಇಂಜಿನ್ ಯಾರ್ದ್ಲಾ?”

“ನಿಮ್ದೇಯ.”

“ಅಂಗಾದ್ರೆ ರೇಸಿಂದೇ ತರ್ಸು.”

ಸಂಜೆ ವಿಷಯ ಕೇಳಿದ ಹೆಂಡತಿ ಗುರುಶಾಂತಮ್ಮ ರೊಟ್ಟಿ ತಟ್ಟುತ್ತಲೇ ಚುಚ್ಚಿದಳು: “ನಿಮ್ ಎದೇಲಿರೋ ಸದ್ದು ಸಾಲ್ದು ಅಂತ ಕಾರಿಗೂ ಆಕುಸ್ತಿದ್ದೀರಾ?”

ಹೊಸದು ಕೂತಿತು. ಮೊದಲ ಸಲ ಚಾಲೂ ಮಾಡಿದಾಗ ಷೆಡ್ಡಿನ ತಗಡು ಅದುರಿತು. “ಅಣ್ಣ, ಏನ್ ಸದ್ದಣ್ಣ ಇದು, ಸಿಂಹ ಇದ್ದಂಗದೆ!” ಎಂದು ಗೌರೀಶ ಕುಣಿದಾಡಿದ. ಅವನ ಸಂತೋಷವನ್ನು ಕಂಡು ಮಹದೇವಪ್ಪನ ಸಂತೋಷ ಅರ್ಧವಾಯಿತು. ಇದರಲ್ಲೂ ಪಾಲಿಗೆ ಬಂದನಲ್ಲ ಇವನು!

ಮುಂದಿನ ಮದುವೆ ಕೆ.ಆರ್. ನಗರದ ಕಡೆಯ ಮಿರ್ಲೆಯಲ್ಲಿ. ಮಹದೇವಪ್ಪ ಸ್ಕೂಟರಿನಲ್ಲಿ ಹಿಂದೆಯೇ ಹೋದ. ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ನನ್ನದು, ನನ್ನದು ಎಂದು ಅವನ ಎದೆ ಬಡಿದುಕೊಂಡಿತು.

ಊರ ಬಾಗಿಲಲ್ಲಿ ವಾಲಗ ಶುರುವಾಯಿತು, ಜನ ಹೆಜ್ಜೆ ಹಾಕಿದರು, ಕಾರು ಆ ಹೆಜ್ಜೆಗೆ ಇಳಿಯಬೇಕಾಯಿತು. ಇಳಿದದ್ದೇ ಕೆಮ್ಮಿತು, ಜಿಗಿಯಿತು, ನಿಂತಿತು. ಮತ್ತೆ ಚಾಲೂ, ಮತ್ತೆ ಕೆಮ್ಮು. ಸೀಟಿನ ಹಿಂದೆ ಬಾಡಿಯ ಮೇಲೆ ಎತ್ತರದಲ್ಲಿ ಕೂತಿದ್ದ ಮದುಮಗಳು ಬೀಳುವಂತಾಗಿ ಗಂಡನ ಹಾರವನ್ನೇ ಹಿಡಿದುಕೊಂಡಳು. ತಮಟೆಯವರು ಕೆಮ್ಮಿಗೆ ತಕ್ಕಂತೆ ಏಟು ಹಾಕತೊಡಗಿದರು.

“ಗೌರೀಶಣ್ಣ, ಕಾರ್ಗೆ ಬೀಡಿ ಚಟವಾ?” ಎಂದು ಯಾರೋ ಕೂಗಿದರು.

ಮಹದೇವಪ್ಪ ಗುಂಪಿನ ಅಂಚಿನಲ್ಲಿ ಬೆವೆತ. ಈಗ ಹೇಳುತ್ತಾನೆ, ಇಂಜಿನ್ ನಮ್ಮಣ್ಣಂದು ಅಂತ. ನನ್ನ ಹೆಸರು ಊರೆಲ್ಲ ಕೇಳುವುದು ಇವತ್ತೇ, ಹೀಗೇ.

ಗೌರೀಶ ಸೀಟಿನ ಮೇಲೆ ಎದ್ದು ನಿಂತ. “ತಪ್ಪು ನಂದೇ ಕಣ್ರಪ್ಪಾ, ಕ್ಲಚ್ ಬುಡಾದೇ ಮರ್ತೋಗದೆ! ತಳ್ಳಿ ಮತ್ತೆ, ಶಿವಪಾರ್ವತೀರ್ನ ತಳ್ಳೋ ಪುಣ್ಯ ಯಾವಾಗ್ ಸಿಕ್ಕದು?”

ಜನ ಹೋ ಎಂದು ನಕ್ಕು ಕಾರು ತಳ್ಳತೊಡಗಿದರು. ಮೊಬೈಲುಗಳು ಎದ್ದವು. ಅಂಥ ಗಮ್ಮತ್ತಿನ ಮೆರವಣಿಗೆಯನ್ನು ಮಿರ್ಲೆ ಕಂಡಿರಲಿಲ್ಲ. ಕೃತಜ್ಞತೆ ಹುಟ್ಟಬೇಕಾದ ಜಾಗದಲ್ಲಿ ಮಹದೇವಪ್ಪನಿಗೆ ಇನ್ನೊಂದು ಉರಿ ಹುಟ್ಟಿತು: ಒಳ್ಳೆಯತನದಲ್ಲೂ ಇವನೇ ಮುಂದು! ಆದರೂ ಬಂದು, ಗುರುತಿಲ್ಲದವರ ನಡುವೆ ಕೈಯಿಟ್ಟು ತಳ್ಳಿದ. ತನ್ನ ಇಂಜಿನ್ನು ಎಷ್ಟು ಭಾರ ಎಂದು ಅವನಿಗೆ ಆವತ್ತು ತಿಳಿಯಿತು.

ಮರುದಿನವೇ ಹುಣಸೂರಿಗೆ ಹೋಗಿ, “ಮೊದಲ್ನೇದೇ ಆಕ್ಲಾ” ಎಂದ.

“ಸದ್ದೇ ಬರಕಿಲ್ಲ, ಆಮೇಕೆ ನನ್ ಬೈಬ್ಯಾಡಿ.”

“ಬರ್ದಿದ್ರೆ ಬುಡು.”

ಅದು ಬಂದು ಕೂತ ಮೇಲೆ ಇಂಜಿನ್ನು ಹಾಲು ಕುಡಿದು ಮಲಗಿದ ಕರುವಿನಂತೆ ಮೆಲ್ಲಗೆ ಉಸಿರಾಡಿತು. ಮುಂದಿನ ಮದುವೆಯ ದಿನ ಗೌರೀಶ ಕಾರಿಗೆ ಹೂವು ಕಟ್ಟುತ್ತ, “ಆ ಸದ್ದ್ಯಾಕಣ್ಣ ತೆಗುಸ್ದೆ? ಚೆಂದಾಗಿತ್ತಲ್ಲ” ಎಂದು ಕೇಳಿದ.

ಮಹದೇವಪ್ಪ ಬಾಗಿಲು ತೆಗೆದು ಗೌರೀಶನ ಪಕ್ಕದ ಸೀಟಿನಲ್ಲಿ ಕೂತ.

“ಇವತ್ತು ನಾನೂ ಬತ್ತೀನಿ. ನಡಿ.”

“ಅಲ್ಲಿ ಎಣ್ಣಿನ್ ತಮ್ಮ ಕೂರ್ಬೇಕಲ್ಲಣ್ಣ.”

“ತೊಡೆ ಮ್ಯಾಲ್ ಕೂರುಸ್ಕತೀನಿ, ನಡಿಯಲಾ.”